ಒದೆ ಕೇಳಿಕೊಂಡು ಬಂದ ಡಾಕ್ಟ್ರು

"ನನಗೆ ಒದೆ ಬೇಕು!"

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ಆ ಮನುಷ್ಯ ಹಾಗೆ ಕೂಗಿದಾಗ, ಅದರ ಮಾಲೀಕರಾದ ಮಾವನ ಕೈಯಲ್ಲಿದ್ದ ಟೀ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಬಿಳಿ ಅಂಗಿ, ಗೆರೆ ಮುರಿಯದ ಇಸ್ತ್ರಿ, ಜೇಬಿನಲ್ಲಿ ಎರಡು ಪೆನ್ನು. ನೋಡಿದರೆ ಒದೆ ತಿನ್ನುವವನ ಹಾಗೂ ಇಲ್ಲ, ಕೊಡುವವನ ಹಾಗೂ ಇಲ್ಲ.

"ಯಾರ ಕೈಲಿ ಬೇಕು ಸಾರ್?" ಎಂದರು ಮಾವ, ಬಹಳ ವಿನಯದಿಂದ.

"ಕಾರಿನ ಕೈಲಿ! ಹೋದ ವಾರ ನಿಮ್ಮ ಹತ್ರ ಟ್ಯೂನಿಂಗಿಗೆ ಬಿಟ್ಟಿದ್ನಲ್ಲ, ಆ ಕೆಂಪು ಕಾರು. ಮೊದಲು ಆಕ್ಸಿಲರೇಟರ್ ಪೂರ್ತಿ ತುಳಿದ್ರೆ ಹಿಂದಿನಿಂದ ಯಾರೋ ಒದ್ದ ಹಾಗೆ ಮುಂದಕ್ಕೆ ಹಾರೋದು. ಈಗ ಒದೆಯೋದೇ ಇಲ್ಲ. ನನ್ನ ಒದೆ ಎಲ್ಲಿ ಹೋಯ್ತು?"

ಮೂಲೆಯಲ್ಲಿದ್ದ ಕಾರಿನ ಅಡಿಯಿಂದ ಕಿಸಕ್ಕನೆ ನಗು ಕೇಳಿಸಿತು. ಹಿಂದೆಯೇ, ಚಕ್ರದ ಹಲಗೆಯ ಮೇಲೆ ಅಂಗಾತ ಮಲಗಿದ್ದ ಹುಡುಗಿಯೊಬ್ಬಳು ಜರ್ರನೆ ಜಾರಿ ಹೊರಗೆ ಬಂದಳು. ಸರಿಯಾಗಿ ಅವನ ಬೂಟಿನ ಮುಂದೆ!

ಕೆನ್ನೆಯ ಮೇಲೆ ಎಣ್ಣೆಯ ಕಪ್ಪು. ಹಣೆಗೆ ಕಟ್ಟಿದ ಬಟ್ಟೆ. ಕೆಳಗಿನಿಂದ ಮೇಲಕ್ಕೆ ಅವನನ್ನು ನೋಡುತ್ತಿದ್ದ ಎರಡು ದೊಡ್ಡ ಕಣ್ಣುಗಳು.

"ನಾನೇ ತೆಗೆದೆ," ಎಂದಳು ಅವಳು, ಮಲಗಿಕೊಂಡೇ.

ಅವನು ಏನೋ ಹೇಳಲು ಬಾಯಿ ತೆರೆದ. ಏನು ಎನ್ನುವುದು ಮರೆತುಹೋಯಿತು.

ಅವಳನ್ನು ಎಲ್ಲರೂ ಕರೆಯುವುದು ಪುಟ್ಟಿ ಎಂದು. ಎಂಜಿನಿಯರಿಂಗ್ ಓದಲು ಈ ಊರಿನ ಸೋದರಮಾವನ ಮನೆಗೆ ಬಂದವಳು, ಓದು ಮುಗಿದ ಮೇಲೂ ವಾಪಸ್ ಹೋಗಲಿಲ್ಲ. ಮನೆಯ ಮುಂದೆಯೇ ಮಾವನ ವರ್ಕ್‌ಶಾಪು. ಎಂಜಿನ್ನಿನ ಕಂಪ್ಯೂಟರನ್ನು ಹದ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ಅದೇ ಸ್ವಲ್ಪ ತೊಂದರೆ!

"ಬನ್ನಿ, ತೋರಿಸ್ತೀನಿ," ಎಂದು ಅವನನ್ನು ಲ್ಯಾಪ್‌ಟಾಪಿನ ಮುಂದೆ ಕರೆದುಕೊಂಡು ಹೋದಳು. ಪರದೆಯ ಮೇಲೆ ಒಂದು ನೀಲಿ ಗೆರೆ, ಒಂದು ಕೆಂಪು ಗೆರೆ.

"ನೋಡಿ ಸಾರ್…"

"ಡಾಕ್ಟರ್. ಹಲ್ಲಿನ ಡಾಕ್ಟರ್."

ಪುಟ್ಟಿಯ ನಾಲಿಗೆ ತಾನಾಗಿಯೇ ಎಡಗಡೆಯ ಹಿಂದಿನ ಹಲ್ಲನ್ನು ಮುಟ್ಟಿ ವಾಪಸ್ ಬಂತು. ಎಷ್ಟೋ ದಿನದಿಂದ ಅದು ಜುಂ ಎನ್ನುತ್ತಿತ್ತು. ಹಲ್ಲಿನ ಡಾಕ್ಟರ ಹೆಸರು ಕೇಳಿದರೇ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು.

"ನೋಡಿ ಡಾಕ್ಟ್ರೇ. ನಿಮ್ಮ ಎಂಜಿನ್ನಿಗೆ ಉಸಿರಾಡೋಕೆ ಎರಡು ದಾರಿ ಇದೆ. ನಿಧಾನ ಹೋಗುವಾಗ ಸಣ್ಣ ಕ್ಯಾಮ್, ಅಂದ್ರೆ ತಿರುಗೋ ಉಬ್ಬು, ಬಂದು ವಾಲ್ವ್ ಅನ್ನೋ ಗಾಳಿಬಾಗಿಲನ್ನ ಸ್ವಲ್ಪವೇ ತೆಗೆಯತ್ತೆ. ಜೋರಾಗಿ ತಿರುಗೋವಾಗ ದೊಡ್ಡ ಕ್ಯಾಮ್ ಬಂದು ಅದೇ ವಾಲ್ವನ್ನ ಜಾಸ್ತಿ ಹೊತ್ತು, ಜಾಸ್ತಿ ಅಗಲ ತೆಗೆಯತ್ತೆ. ನಿಮಿಷಕ್ಕೆ ಎಷ್ಟು ಸುತ್ತಾದಾಗ, ಅಂದ್ರೆ ಯಾವ ಆರ್‌ಪಿಎಂನಲ್ಲಿ, ಸಣ್ಣದು ಬಿಟ್ಟು ದೊಡ್ಡದು ಹಿಡೀಬೇಕು ಅಂತ ಹೇಳೋದು ನನ್ನ ಕೆಲಸ. ನೀಲಿ ಗೆರೆ ಸಣ್ಣದರ ಶಕ್ತಿ, ಕೆಂಪು ದೊಡ್ಡದರದ್ದು. ಐದು ಸಾವಿರದ ಹತ್ರ ಎರಡೂ ಒಂದನ್ನೊಂದು ದಾಟ್ತವೆ ನೋಡಿ. ಅಲ್ಲೇ ಬದಲಾಯಿಸಿದ್ರೆ ಒಳಗೆ ಕೂತವ್ರಿಗೆ ಗೊತ್ತೇ ಆಗಲ್ಲ. ನಾನು ಅಲ್ಲೇ ಇಟ್ಟಿದ್ದೀನಿ."

"ಗೊತ್ತಾಗ್ಬೇಕು! ಅದಕ್ಕೇ ತಾನೇ ಬಂದಿದ್ದು!"

"ಮೊದಲು ಐದು ಸಾವಿರದ ಎಂಟುನೂರಕ್ಕೆ ಇಟ್ಟಿದ್ರು. ಅಷ್ಟು ಹೊತ್ತಿಗೆ ಸಣ್ಣ ಕ್ಯಾಮ್ ಏದುಸಿರು ಬಿಡ್ತಿರತ್ತೆ, ಕಾರು ಸೊರಗಿರತ್ತೆ. ಆಗ ದಿಢೀರ್ ಅಂತ ದೊಡ್ಡದು ಬಂದ್ರೆ ಒದ್ದ ಹಾಗೆ ಅನ್ಸತ್ತೆ. ಅದು ಜಾಸ್ತಿ ಶಕ್ತಿ ಅಲ್ಲ ಡಾಕ್ಟ್ರೇ. ಮೊದಲು ನಿಮ್ಮಿಂದ ಕಿತ್ಕೊಂಡು, ಆಮೇಲೆ ನಿಮಗೇ ವಾಪಸ್ ಕೊಡೋದು. ಅದಕ್ಕೆ ನೀವು ಖುಷಿ ಪಡ್ತಿದ್ದೀರಿ."

"ಪಡ್ತೀನಿ! ನನ್ನ ಖುಷಿ! ಇದ್ದ ಹಾಗೆ ಮಾಡ್ಕೊಡಿ."

"ಸರಿ ಇರೋದನ್ನ ಕೆಡಿಸಲ್ಲ. ಆರೋಗ್ಯವಾಗಿರೋ ಹಲ್ಲು ಕೀಳಿ ಅಂದ್ರೆ ನೀವು ಕೀಳ್ತೀರಾ?"

ಅವನು ತಡವರಿಸಿದ. ಯಾಕೆ ಬೇಕು ಎನ್ನುವುದು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಯಾರಿಗೂ ಹೇಳುವುದಿಲ್ಲ ಎಂದು ಮನೆಯಲ್ಲಿ ಮಾತು ಕೊಟ್ಟಿದ್ದ. ಅದನ್ನು ನುಂಗಿಕೊಂಡ.

"ಪುಟ್ಟಿ, ಪಾಪ ಅಷ್ಟು ಕೇಳ್ತಿದ್ದಾರೆ, ಮಾಡ್ಕೊಡಮ್ಮ," ಎಂದರು ಮಾವ.

"ಆಗಲ್ಲ ಮಾವ!"

*ಮಾವ?* ಡಾಕ್ಟ್ರ ಎದೆಯಲ್ಲಿ ಏನೋ ಸಣ್ಣಗೆ ಮುರಿಯಿತು.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದರು. "ಪುಟ್ಟಿ, ಟೀ ಆರಿಹೋಗತ್ತೆ ಕಣೇ."

"ಬಂದೆ ಅತ್ತೆ!"

*ಅತ್ತೆ ಕೂಡ!*

ನಮ್ಮ ಭಾಷೆಯಲ್ಲಿ ಅಮ್ಮನ ತಮ್ಮನೂ ಮಾವನೇ, ಗಂಡನ ಅಪ್ಪನೂ ಮಾವನೇ. ಅದು ಬಂದವನ ತಪ್ಪಲ್ಲ. ಆದರೂ ಕೊನೆಯ ಆಸೆಯಿಂದ ಅವನು ಗೋಡೆಯ ಮೇಲಿದ್ದ ಫೋಟೋ ತೋರಿಸಿ ಕೇಳಿದ. ಹಡಗಿನ ಮುಂದೆ ಬಿಳಿ ಸಮವಸ್ತ್ರದಲ್ಲಿ ನಿಂತ ಒಬ್ಬ ಸುಂದರ ಯುವಕ. "ಇವರು…?"

"ನಮ್ಮ ಮಗ," ಎಂದರು ಅತ್ತೆ, ಮುಖವರಳಿಸಿ. "ಹಡಗಲ್ಲಿ ಎಂಜಿನಿಯರು. ಬರೋದೇ ಅಪರೂಪ. ಬಂದ್ರೂ ಇವಳ ಜೊತೆ ದಿನಾ ಜಗಳ!"

ಗಂಡ ಹೆಂಡಿರ ಜಗಳ… ಡಾಕ್ಟ್ರು ಪೂರ್ತಿ ಸೊರಗಿಹೋದ. ಆಗಷ್ಟೇ ಪುಟ್ಟಿ ಹೇಳಿದ ಆ ಸಣ್ಣ ಕ್ಯಾಮಿಗಿಂತ ಜಾಸ್ತಿ.

---

ಕೊನೆಗೆ ಮಾವನೇ ಒಂದು ದಾರಿ ಹುಡುಕಿದರು. ಊರಾಚೆ, ಫ್ಲೈಯಿಂಗ್ ಕ್ಲಬ್ ಮುಚ್ಚಿದ ಮೇಲೆ ಹಾಳುಬಿದ್ದ ರನ್‌ವೇ ಇತ್ತು. ಅನುಮತಿ ಪಡೆದು ಅಲ್ಲಿ ಕಾರು ಓಡಿಸಿ ನೋಡುವುದು ವಾಡಿಕೆ. "ಇಬ್ಬರೂ ಹೋಗಿ, ಓಡಿಸಿ, ಒಂದು ತೀರ್ಮಾನಕ್ಕೆ ಬನ್ನಿ. ನನ್ನ ತಲೆ ತಿನ್ನಬೇಡಿ," ಎಂದರು.

ಹೀಗೆ ಅವರಿಬ್ಬರ ಭಾನುವಾರಗಳು ಶುರುವಾದವು.

ಅವನು ಓಡಿಸಬೇಕು. ಅವಳು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಒಂದು ಸುತ್ತು ಮುಗಿದ ಮೇಲೆ ತರಕಾರಿ ಮಾರ್ಕೆಟ್ಟಿನ ಹಾಗೆ ಚೌಕಾಸಿ!

"ಐದು ಸಾವಿರದ ಎಂಟುನೂರು!"

"ಐದು ಸಾವಿರದ ನೂರು. ಕೊನೇ ಮಾತು."

"ಏಳುನೂರಾದ್ರೂ ಮಾಡಿ!"

"ಇನ್ನೂರು. ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಅದೂ ನಿಮ್ಮ ಮುಖ ನೋಡಿ!"

ಮುಖ ನೋಡಿ ಎಂದವಳು ನಿಜವಾಗಿಯೂ ಅವನ ಮುಖ ನೋಡಿದಳು. ಅಲ್ಲೇ ಎಡವಟ್ಟಾಯಿತು.

ಆ ಮನುಷ್ಯನ ಡ್ರೈವಿಂಗು ನೋಡಬೇಕಿತ್ತು! ಮೈಲುದ್ದದ ರನ್‌ವೇ, ಸುತ್ತ ಒಂದು ನಾಯಿಯೂ ಇಲ್ಲ. ಆದರೂ ಎಡಕ್ಕೆ ತಿರುಗಿಸುವ ಮುಂಚೆ ಇಂಡಿಕೇಟರ್ ಹಾಕುತ್ತಿದ್ದ. ಹಿಂದೆ ಬರುವ ಗಾಳಿಗೆ ಕೈ ತೋರಿಸಿ ದಾರಿ ಬಿಡುವವನ ಹಾಗೆ.

"ಯಾರಿಗೆ ತೋರಿಸ್ತಿದ್ದೀರಿ ಡಾಕ್ಟ್ರೇ?"

"ಅಭ್ಯಾಸ…" ಎಂದು ಅವನು ನಾಚಿದ. ಕಿವಿಯೆಲ್ಲಾ ಕೆಂಪು!

ಪುಟ್ಟಿ ಆ ಕಿವಿಗಳನ್ನೇ ನೋಡುತ್ತಾ ಲ್ಯಾಪ್‌ಟಾಪನ್ನೇ ಮರೆತಳು. *ಅಯ್ಯೋ… ಇದೇನು? ಇಂಡಿಕೇಟರ್ ಹಾಕಿದ್ದಕ್ಕೆಲ್ಲಾ ಯಾರಾದರೂ ಮನಸ್ಸು ಕೊಡುತ್ತಾರಾ?*

ಇನ್ನೊಂದು ಭಾನುವಾರ ಬಿಸ್ಕತ್ತು ತಿನ್ನುವಾಗ ಅವನು ಮೆಲ್ಲಗೆ ಕೇಳಿದ, "ನೀವು ಎಡಗಡೆ ಅಗಿಯೋದೇ ಇಲ್ಲ, ಅಲ್ವಾ?"

"ಹಾಗೇನಿಲ್ಲ!"

"ನೋವಿದೆ. ಒಮ್ಮೆ ಬಂದು ತೋರಿಸಿ. ನೋಯಿಸಲ್ಲ, ಮಾತು ಕೊಡ್ತೀನಿ."

ಅವಳ ಕಣ್ಣು ತುಂಬಿ ಬಂದಂತಾಯಿತು. ತಾನು ಯಾವ ಕಡೆಯಿಂದ ಅಗಿಯುತ್ತೇನೆ ಎಂದು ಇಷ್ಟು ವರ್ಷದಲ್ಲಿ ಯಾರಾದರೂ ನೋಡಿದ್ದರಾ? ಅತ್ತೆ ಕೂಡ ನೋಡಿರಲಿಲ್ಲ. ಅವಳು ತಲೆ ಎತ್ತಿ, ಎಂದೂ ಇಲ್ಲದಷ್ಟು ಮೆತ್ತಗೆ, "ಬರ್ತೀನಿ…" ಎಂದಳು.

ಆ ಕಣ್ಣುಗಳನ್ನು ನೋಡಿದ ಡಾಕ್ಟ್ರಿಗೆ ಗಾಬರಿಯಾಯಿತು. *ಇನ್ನೊಬ್ಬರ ಹೆಂಡತಿ! ಏನು ಮಾಡುತ್ತಿದ್ದೀಯ? ಮನಸ್ಸಿಗೆ ಏನಾದರೂ ಬೇಲಿ ಹಾಕಲೇಬೇಕು. ಈಗಲೇ!*

"ಆಯ್ತು… ಅಕ್ಕ."

ಪುಟ್ಟಿಯ ಬಾಯಲ್ಲಿದ್ದ ಬಿಸ್ಕತ್ತು ಅಲ್ಲೇ ನಿಂತಿತು.

*ಅಕ್ಕ? ಅಕ್ಕನಾ?! ಇವನಿಗೆ ನನಗಿಂತ ಐದು ವರ್ಷವಾದರೂ ಜಾಸ್ತಿ ಆಗಿದೆ!*

ಅವತ್ತಿನಿಂದ ಅವನು ಮಾತುಮಾತಿಗೆ ಅಕ್ಕ ಎನ್ನತೊಡಗಿದ. "ಸೀಟ್ ಬೆಲ್ಟ್ ಹಾಕ್ಕೊಳ್ಳಿ ಅಕ್ಕ." "ನೀರು ಬೇಕಾ ಅಕ್ಕ?" ಒಂದೊಂದು ಅಕ್ಕನಿಗೂ ಪುಟ್ಟಿ ಆರ್‌ಪಿಎಂ ಇಳಿಸುತ್ತಾ ಬಂದಳು. ಕೊನೆಗೆ ಮತ್ತೆ ಐದು ಸಾವಿರಕ್ಕೇ ಬಂದು ನಿಂತಿತು!

ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, "ಅತ್ತೆ, ನನಗೆ ವಯಸ್ಸಾದ ಹಾಗೆ ಕಾಣತ್ತಾ?" ಎಂದು ಕೇಳಿದಳು.

"ಯಾಕೇ?"

"ಆ ಡಾಕ್ಟ್ರು ನನ್ನನ್ನ ಅಕ್ಕ ಅಂತಾರೆ."

ಅತ್ತೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡಿತೋ, ನಿಟ್ಟುಸಿರು ಬಿಟ್ಟರು. "ಅಕ್ಕ ಅಂದ್ನಾ? ಹಾಗಾದ್ರೆ ಮುಗೀತು ಬಿಡು ಪುಟ್ಟಿ."

---

ಮನಸ್ಸಿನ ನೋವನ್ನು ಹೇಗೋ ತಡೆಯಬಹುದು. ಹಲ್ಲಿನದನ್ನು? ಒಂದು ಬೆಳಿಗ್ಗೆ ಎದ್ದಾಗ ಪುಟ್ಟಿಯ ಎಡಗೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು. ಹೆದರಿಕೆಯನ್ನೂ ಸಿಟ್ಟನ್ನೂ ಪಕ್ಕಕ್ಕಿಟ್ಟು ಅವನ ಕ್ಲಿನಿಕ್ಕಿಗೇ ಹೋದಳು.

ಹೊರಗಿನ ಕೋಣೆಯಲ್ಲಿ ಒಬ್ಬರು ಹಿರಿಯರು ಪೇಪರ್ ಓದುತ್ತಾ ಕುಳಿತಿದ್ದರು.

"ಇಲ್ಲಿ ಕೂತ್ಕೋಬಹುದಾ?" ಎಂದು ಕೇಳಿದಳು.

"ಮೂರು ವರ್ಷ ಆಯ್ತು!" ಎಂದರು ಅವರು, ಕಿಟಕಿ ಗಾಜು ಅದುರುವಷ್ಟು ಜೋರಾಗಿ.

ಪುಟ್ಟಿ ಬೆಚ್ಚಿ ಕುಳಿತಳು. "ಡಾಕ್ಟ್ರು ಒಳಗಿದ್ದಾರಾ?"

"ಬೇಡಮ್ಮ, ಈಗಷ್ಟೇ ಕುಡಿದೆ!"

ಅವಳಿಗೆ ನಗು ಬಂತು, ಕೆನ್ನೆ ನೋಯಿತು. ಹಿರಿಯರು ಅವಳ ಅಂಗಿಯ ಮೇಲಿದ್ದ ವರ್ಕ್‌ಶಾಪಿನ ಹೆಸರನ್ನು ಓದಿ ಪೇಪರ್ ಕೆಳಗಿಟ್ಟರು. "ಓಹೋ! ನನ್ನ ಕಾರನ್ನ ಹಾಳ್ಮಾಡಿದೋಳು ನೀನೇನಾ?"

"ನಿಮ್ಮ ಕಾರಾ?"

ಈ ಸಲ ಅವರು ಅವಳ ತುಟಿಯನ್ನೇ ನೋಡುತ್ತಿದ್ದರು. "ನನ್ನದೇ! ಜೀವಮಾನವೆಲ್ಲಾ ಪ್ರಿಂಟಿಂಗ್ ಪ್ರೆಸ್ ನಡೆಸಿ, ಅದನ್ನ ಮುಚ್ಚಿದ ದಿನ ಕೊಂಡ ಕಾರು. ಈಗ ಮಂಡಿ ಬಗ್ಗಲ್ಲ, ಮಗ ಓಡಿಸ್ತಾನೆ, ನಾನು ಪಕ್ಕದಲ್ಲಿ ಕೂರ್ತೀನಿ. ಮೊದಲು ಹೇಗಿತ್ತು ಗೊತ್ತಾ? ಹೋಗ್ತಾ ಹೋಗ್ತಾ ಬೆನ್ನಿಗೆ ಗುದ್ದೋದು! ಹಾ, ಎಂಜಿನ್ ಎದ್ದಿತು ಅಂತ ಗೊತ್ತಾಗೋದು. ಈಗ ಸುಮ್ನೆ ಕೂತಿರ್ತೀನಿ. ಬಂತಾ, ಹೋಯ್ತಾ, ಒಂದೂ ತಿಳಿಯಲ್ಲ. ಶಬ್ದ ಅಂತೂ ಕೇಳ…"

ಅಲ್ಲಿಗೆ ನಿಲ್ಲಿಸಿದರು. ಬಾಗಿಲ ಕಡೆ ಒಮ್ಮೆ ನೋಡಿ, "ಶಬ್ದ ಚೆನ್ನಾಗಿ ಕೇಳತ್ತೆ ನನಗೆ! ಕೇಳಲ್ಲ ಅಂತ ಯಾರು ಹೇಳಿದ್ದು?" ಎಂದು ಗದರಿದರು.

ಯಾರೂ ಹೇಳಿರಲಿಲ್ಲ. ಆದರೆ ಪುಟ್ಟಿಗೆ ಎಲ್ಲವೂ ಅರ್ಥವಾಗಿಹೋಯಿತು.

ದೊಡ್ಡ ಕ್ಯಾಮ್ ಹಿಡಿದ ಕ್ಷಣ ಎಂಜಿನ್ನಿನ ಸದ್ದು ಬದಲಾಗುತ್ತದೆ, ಗುರುಗುಟ್ಟುತ್ತಿದ್ದದ್ದು ಕೂಗತೊಡಗುತ್ತದೆ. ಕಿವಿ ಇದ್ದವರಿಗೆ ಅಷ್ಟು ಸಾಕು. ಪ್ರೆಸ್ಸಿನ ಗದ್ದಲದಲ್ಲಿ ಕಿವಿ ಕಳೆದುಕೊಂಡ ಈ ಮನುಷ್ಯನಿಗೆ ಉಳಿದಿದ್ದು ಬೆನ್ನು ಮಾತ್ರ. ಅದಕ್ಕೆ ಸಿಗುತ್ತಿದ್ದ ಒಂದೇ ಒಂದು ಗುದ್ದನ್ನು ಅವಳು ನಯವಾಗಿ ಒರೆಸಿ ಹಾಕಿದ್ದಳು. ಮೇಲಿಂದ, ಒಳಗೆ ಕೂತವರಿಗೆ ಗೊತ್ತೇ ಆಗಲ್ಲ ಎಂದು ಜಂಬ ಬೇರೆ!

*ಅಪ್ಪನ ಮಾನ ಉಳಿಸಲು ಅವನು ಇಷ್ಟು ದಿನ ನನ್ನಿಂದ ಬೈಸಿಕೊಂಡನಲ್ಲ…*

ಅಷ್ಟರಲ್ಲಿ ಒಳಗೆ ಕರೆದರು.

ಡಾಕ್ಟ್ರು ಅವಳನ್ನು ನೋಡಿದ ಕೂಡಲೇ ಬೇರೆಯೇ ಮನುಷ್ಯನಾದ. ಕೈ ನಡುಗಲಿಲ್ಲ, ಮಾತು ತೊದಲಲಿಲ್ಲ. ಹೆದರಿಕೆಯಿಂದ ಕುರ್ಚಿಯ ತೋಳು ಹಿಡಿದಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಲ್ಲಿ ಒಂದು ಮೆತ್ತನೆಯ ಟವೆಲ್ ಇಟ್ಟ. "ಇದನ್ನ ಹಿಂಡಿ. ಕುರ್ಚಿ ಪಾಪದ್ದು." ಸೂಜಿ ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಅರ್ಧ ಮುಖವೇ ಮಾಯ! ಬಾಯಿ ತುಂಬ ಹತ್ತಿ, ಕೊಳವೆ, ಅವನ ಬೆರಳು.

"ಹಲ್ಲು ತೆಗೀಬೇಕು. ಆಮೇಲೆ ನೀವೊಬ್ಬರೇ ಮನೆಗೆ ಹೋಗೋದು ಬೇಡ," ಎಂದ ಅವನು, ಇಣುಕಿ ನೋಡುತ್ತಾ. "ನಿಮ್ಮ ಯಜಮಾನ್ರಿಗೆ ಒಂದು ಫೋನ್ ಮಾಡಿ ಹೇಳ್ಲಾ? ಹಡಗಲ್ಲಿ ಸಿಗ್ನಲ್ ಸಿಗತ್ತಾ ಅಕ್ಕ?"

ಪುಟ್ಟಿಯ ಕಣ್ಣು ಮೇಲಿನ ದೀಪಕ್ಕಿಂತ ದೊಡ್ಡದಾಯಿತು.

*ಯಜಮಾನ್ರಾ? ಯಾವ ಯಜಮಾನ್ರು? ಹಡಗು? ಅಯ್ಯೋ ದೇವರೇ… ಮಾವ! ಅತ್ತೆ! ಫೋಟೋ!*

"ಅಅಗೆ ಅಉವೆ ಆಇಲ್ಲ!" ಎಂದು ಕೂಗಿದಳು.

"ಹಾಂ, ನೋವು ಆಗ್ತಿಲ್ಲ ಅಲ್ವಾ? ಒಳ್ಳೇದು."

"ಅಲ್ಲ! ಅಉವೆ! ಅಉವೆ ಆಇಲ್ಲ!"

"ಗೊತ್ತಾಯ್ತು ಅಕ್ಕ, ನೋವಿಲ್ಲ. ಬಾಯಿ ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ. ನಿಮ್ಮ ಯಜಮಾನ್ರು ಅದೃಷ್ಟವಂತರು. ಇಷ್ಟು ಧೈರ್ಯ ಇರೋ ಪೇಷಂಟನ್ನ ನಾನು ನೋಡೇ ಇಲ್ಲ…"

ಆ ಕೊನೆಯ ಮಾತಿನಲ್ಲಿ ಅವನ ದನಿ ಸ್ವಲ್ಪ ಒಡೆಯಿತು. ಮಾಸ್ಕಿನ ಮೇಲಿನ ಕಣ್ಣುಗಳು ತಟಕ್ಕನೆ ಬೇರೆ ಕಡೆ ತಿರುಗಿದವು. ಪುಟ್ಟಿ ಅದನ್ನು ನೋಡಿಬಿಟ್ಟಳು.

ಹಲ್ಲು ಬಂತು. ಮಾತು ಬರಲಿಲ್ಲ. ಆಗಲೇ ಬಾಗಿಲಲ್ಲಿ ಮುಂದಿನ ಪೇಷಂಟು, ಒಂದು ಮಗು, ರಾಗವಾಗಿ ಅಳುತ್ತಿತ್ತು. ನರ್ಸಮ್ಮ ಪುಟ್ಟಿಯ ಬಾಯಿಗೆ ಹತ್ತಿ ತುರುಕಿ, "ಒಂದು ಗಂಟೆ ಬಾಯಿ ತೆರೀಬೇಡಿ," ಎಂದು ಹೊರಗೆ ಕಳಿಸಿದರು.

ಮನೆಯಲ್ಲಿ ಕೆನ್ನೆಗೆ ಐಸ್ ಒತ್ತಿಕೊಂಡು ಮಲಗಿದವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಫೋನ್ ಕೈಗೆತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

*ಏನಂತ ಹೇಳಲಿ? "ಹಲೋ ಡಾಕ್ಟ್ರೇ, ನನಗೆ ಮದುವೆ ಆಗಿಲ್ಲ, ಸೀಟು ಖಾಲಿ ಇದೆ" ಅಂತಲಾ? ಅವನ ಕಣ್ಣಲ್ಲಿ ಕಂಡದ್ದು ನನ್ನ ಭ್ರಮೆಯಾಗಿದ್ದರೆ? ಬರೀ ಮರ್ಯಾದೆಗೆ ಅಕ್ಕ ಅಂತಿದ್ದರೆ?*

ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಕಾರಿನ ಪ್ರಶ್ನೆಗೆ ಇತ್ತು.

---

ಕೆಲಸವನ್ನು ಬೇಕೆಂದೇ ಕೆಡಿಸುವುದು ಎಷ್ಟು ಕಷ್ಟ ಎಂದು ಪುಟ್ಟಿಗೆ ಆಗ ತಿಳಿಯಿತು! ಗೆರೆಯಲ್ಲಿ ಹಳ್ಳ ಕಂಡರೆ ಅದನ್ನು ಮುಚ್ಚುವುದು ಅವಳ ಕೈಯ ಅಭ್ಯಾಸ. ಈಗ ಹಳ್ಳ ತೋಡಬೇಕಿತ್ತು. ಸರ್ವಿಸ್ ನೆಪ ಹೇಳಿ ಮಾವನ ಕೈಲಿ ಕಾರನ್ನು ತರಿಸಿಕೊಂಡು, ಶಕ್ತಿ ಅಳೆಯುವ ಡೈನೋದ ಉರುಳೆಗಳ ಮೇಲೆ ಕಟ್ಟಿ, ನಿಂತಲ್ಲೇ ಓಡಿಸಿ, ಐದು ಸಾವಿರದ ಎಂಟುನೂರಕ್ಕೆ ಬದಲಾಯಿಸಿ ನೋಡಿದಳು. ಸಾಲದು. ಒಂಬೈನೂರು. ಊಹೂಂ. ಆರು ಸಾವಿರಕ್ಕೆ ತಂದಾಗ ಕೆಂಪು ಗೆರೆ ಮೆಟ್ಟಿಲಿನ ಹಾಗೆ ನೆಟ್ಟಗೆ ಎದ್ದಿತು. ಕಾರು ಕಟ್ಟಿದ ಪಟ್ಟಿಗಳೆಲ್ಲಾ ಕಿರ್ರೆಂದವು.

"ಏನೇ ಇದು, ಇಷ್ಟು ಕೆಟ್ಟದಾಗಿ ಮಾಡಿದ್ದೀಯ?" ಎಂದರು ಮಾವ, ಪರದೆ ನೋಡಿ ದಿಗಿಲುಬಿದ್ದು.

"ಚೆನ್ನಾಗಿದೆ ಅಲ್ವಾ ಮಾವ?" ಎಂದಳು ಪುಟ್ಟಿ, ಹೆಮ್ಮೆಯಿಂದ.

ತನ್ನ ನಯವಾದ ಟ್ಯೂನನ್ನೂ ಅವಳು ಅಳಿಸಲಿಲ್ಲ. ಎರಡನ್ನೂ ಕಂಪ್ಯೂಟರಿನಲ್ಲಿಟ್ಟು, ಸ್ಟೀರಿಂಗಿನ ಪಕ್ಕ ಒಂದು ಸಣ್ಣ ಸ್ವಿಚ್ ಕೂರಿಸಿದಳು. ಮೇಲಕ್ಕೆ ಒತ್ತಿದರೆ ಮಗನಿಗೆ, ಕೆಳಕ್ಕೆ ಒತ್ತಿದರೆ ಅಪ್ಪನಿಗೆ.

ಆಮೇಲೆ ಕ್ಲಿನಿಕ್ಕಿಗೆ ಫೋನ್ ಮಾಡಿ ನರ್ಸಮ್ಮನ ಹತ್ತಿರ ಹೇಳಿದಳು. "ಭಾನುವಾರ ಡಾಕ್ಟ್ರಿಗೆ ರನ್‌ವೇಗೆ ಬರೋಕೆ ಹೇಳಿ. ಅವರ ಅಪ್ಪನ್ನೂ ಕರ್ಕೊಂಡು!"

ಭಾನುವಾರ ಮಾವ, ಅತ್ತೆ ಕೂಡ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಬಂದರು. ಅಪ್ಪನ ಕೈ ಹಿಡಿದು ಬಂದ ಡಾಕ್ಟ್ರಿಗೆ ಏನೂ ಅರ್ಥವಾಗಲಿಲ್ಲ.

"ನೀವು ಇಲ್ಲೇ ನಿಂತ್ಕೊಳ್ಳಿ," ಎಂದಳು ಪುಟ್ಟಿ. ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ತಾನೇ ಸ್ಟೀರಿಂಗ್ ಹಿಡಿದಳು. ಸ್ವಿಚ್ ಕೆಳಕ್ಕೆ ಒತ್ತಿದಳು.

ಕಾರು ಹೊರಟಿತು. ಮೂರು ಸಾವಿರ… ನಾಲ್ಕು… ಐದು… ಹಿರಿಯರು ಮುಖ ಗಂಟು ಹಾಕಿ, ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದರು. ಐದು ಸಾವಿರದ ಐನೂರು ದಾಟಿತು. ಕಾರು ಸೊರಗತೊಡಗಿತು. ಅವರ ಮುಖವೂ ಸೊರಗಿತು.

*ಇನ್ನೊಂಚೂರು… ಇನ್ನೊಂದೇ ಚೂರು…*

ಆರು ಸಾವಿರ!

ಧಡ್ ಎಂದು ಸೀಟು ಅವರ ಬೆನ್ನಿಗೆ ಬಡಿಯಿತು.

"ಬಂತೂಊಊ!" ಎಂದು ಕೂಗಿದರು ಅವರು. ಎರಡೂ ಕೈ ಮೇಲೆತ್ತಿ, ಬಾಯಿ ತುಂಬ ನಕ್ಕು, ಸಣ್ಣ ಮಗುವಿನ ಹಾಗೆ. "ಬಂತು ಕಣಮ್ಮಾ! ಇನ್ನೊಂದ್ಸಲ! ಇನ್ನೊಂದ್ಸಲ!"

ಇನ್ನೊಂದು ಸಲ ಹೋದರು. ಮತ್ತೊಂದು ಸಲ. ಪೆಟ್ರೋಲ್ ಮುಳ್ಳು ಕೆಳಕ್ಕೆ ಬಂದರೂ ಅವರು ಇಳಿಯಲು ಒಪ್ಪಲಿಲ್ಲ. ಕೊನೆಗೂ ಇಳಿದಾಗ ಕಣ್ಣು ಒದ್ದೆಯಾಗಿತ್ತು. "ಗಾಳಿ ಜೋರು," ಎಂದು ಒರೆಸಿಕೊಂಡರು. ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ ಗುಟ್ಟು ಹೇಳಿದರು. ಅವರ ಲೆಕ್ಕದಲ್ಲಿ ಅದು ಪಿಸುಮಾತು. ಆದರೆ ರನ್‌ವೇಯ ಆ ತುದಿಯಲ್ಲಿದ್ದ ಹಕ್ಕಿಗಳು ಎದ್ದು ಹಾರಿದವು.

"ನನಗೆ ಕಿವಿ ಕೇಳಲ್ಲಮ್ಮ! ಯಾರಿಗೂ ಹೇಳ್ಬೇಡ!"

"ಹೇಳಲ್ಲ," ಎಂದು ಪುಟ್ಟಿ ತಲೆಯಾಡಿಸಿದಳು. ಮಾವ, ಅತ್ತೆ ಇಬ್ಬರೂ ಆಕಾಶ ನೋಡುತ್ತಾ ಏನೂ ಕೇಳಿಸದವರ ಹಾಗೆ ನಿಂತರು.

ಡಾಕ್ಟ್ರು ಅವಳನ್ನೇ ನೋಡುತ್ತಿದ್ದ. ಹಿರಿಯರು ಈಗ ಮಗನ ಹತ್ತಿರ ಹೋಗಿ, ಅವನ ಭುಜ ಹಿಡಿದು ಇನ್ನೊಂದು ಪಿಸುಮಾತು ಆಡಿದರು.

"ಲೋ! ನೀನು ಊಟ ಬಿಟ್ಟು ಕೂರ್ತಿದ್ದದ್ದು ಈ ಹುಡುಗಿಗೇ ಏನೋ? ಚಿನ್ನದಂಥವಳು ಕಣೋ! ಏನು ಮಾಡೋದು, ಮದುವೆ ಆಗಿಹೋಗಿದೆ ಅಂದ್ಯಲ್ಲ! ಮರೆತುಬಿಡಪ್ಪ!"

ಅತ್ತೆಯ ಕೈಯಲ್ಲಿದ್ದ ಫ್ಲಾಸ್ಕು ವಾಲಿ ಟೀ ಚೆಲ್ಲಿತು.

"ಅಪ್ಪಾ…!" ಡಾಕ್ಟ್ರ ಮುಖ ಕಾರಿಗಿಂತ ಕೆಂಪಾಯಿತು.

"ಯಾರಿಗೆ ಮದುವೆ ಆಗಿದೆ?" ಎಂದರು ಮಾವ, ಗಾಬರಿಯಿಂದ. "ಪುಟ್ಟಿ! ನಮಗೆ ಹೇಳದೆ ಮದುವೆ ಮಾಡ್ಕೊಂಡ್ಯಾ?"

"ಇಲ್ಲ ಮಾವ!"

"ಮತ್ತೆ… ನೀವು ಇವರ ಮಾವ… ಹಡಗಿನವರು…" ಡಾಕ್ಟ್ರು ತೊದಲಿದ.

"ಅವನಾ? ಅವನಿಗೆ ಬೇರೆ ಹೆಂಡ್ತಿ, ಮಗು ಎಲ್ಲಾ ಇದ್ದಾರಲ್ಲಪ್ಪಾ!" ಎಂದರು ಅತ್ತೆ. "ಇವಳು ನಮ್ಮವರ ಅಕ್ಕನ ಮಗಳು. ಇವಳ ಕೈಲಿ ಬೆಳಿಗ್ಗೆಯಿಂದ ಸಂಜೆವರೆಗೆ ಎಂಜಿನ್ ಬಿಟ್ಟು ಬೇರೇನೂ ಹಿಡಿಸೋಕಾಗಲ್ಲ. ಇನ್ನು ಗಂಡನ್ನ ಎಲ್ಲಿಂದ ಹಿಡೀತಾಳೆ!"

"ಏನಂತೆ? ಏನಂತೆ?" ಎಂದು ಹಿರಿಯರು ಎಲ್ಲರ ತುಟಿಗಳನ್ನೂ ನೋಡುತ್ತಿದ್ದರು.

ಡಾಕ್ಟ್ರು ಅಲ್ಲಿ ನಿಲ್ಲಲಾರದೆ ರನ್‌ವೇಯ ಉದ್ದಕ್ಕೂ ಸರಸರ ನಡೆದುಬಿಟ್ಟ. ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಮುಂದೆ ಬರೀ ಹುಲ್ಲು!

ಅತ್ತೆ ಪುಟ್ಟಿಯ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು ತಳ್ಳಿದರು. "ಹೋಗೇ… ಹುಲ್ಲಲ್ಲಿ ಕಳೆದುಹೋದಾನು."

ಅವಳು ಓಡಿದಳು.

ಹುಲ್ಲು ಶುರುವಾಗುವ ಅಂಚಿನಲ್ಲಿ ಅವನು ನಿಂತಿದ್ದ. ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ.

"ಅವತ್ತು ಕುರ್ಚಿ ಮೇಲೆ ನಾನು ಕೂಗಿದ್ದು ಅದನ್ನೇ," ಎಂದಳು ಅವಳು, ಏದುಸಿರು ಬಿಡುತ್ತಾ. "ಮದುವೆ ಆಗಿಲ್ಲ, ಮದುವೆ ಆಗಿಲ್ಲ ಅಂತ! ನೀವು ನೋವಿಲ್ಲ ಅಂದ್ಕೊಂಡ್ರಿ!"

ಅವನ ಭುಜಗಳು ಅಲುಗಿದವು. ನಗುತ್ತಿದ್ದನೋ, ಏನೋ.

"ಅಕ್ಕ ಅಂತ ಕರೆದ್ರೆ ಮನಸ್ಸು ಹತೋಟಿಗೆ ಬರತ್ತೆ ಅಂದ್ಕೊಂಡೆ," ಎಂದ ಮೆಲ್ಲಗೆ. "ಬರ್ಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ, ಇವತ್ತು ಚೌಕಾಸಿ ಬೇಗ ಮುಗೀದೇ ಇರ್ಲಿ ಅಂತ ಕೇಳ್ಕೋತಿದ್ದೆ. ಒಂದು ದಿನ ನೀವು ಆರ್‌ಪಿಎಂ ಇಳಿಸಿದಾಗ ಅಪ್ಪನಿಗೋಸ್ಕರ ಬೇಜಾರಾಯ್ತು, ನನಗೋಸ್ಕರ ಖುಷಿ ಆಯ್ತು. ಇನ್ನೊಂದು ವಾರ ಸಿಕ್ತಲ್ಲ ಅಂತ! ಎಂಥಾ ಮಗ ನಾನು!"

"ನಾನೂ ಅಷ್ಟೇ…" ಪುಟ್ಟಿಯ ದನಿ ಸಣ್ಣದಾಯಿತು. "ಎರಡನೇ ಭಾನುವಾರವೇ ಒಪ್ಕೋಬಹುದಿತ್ತು. ಒಪ್ಕೊಂಡ್ರೆ ನೀವು ಬರೋದು ನಿಂತುಹೋಗತ್ತಲ್ಲ."

ಅವನು ತಿರುಗಿದ.

ಇಷ್ಟು ದಿನ ಆ ಕಣ್ಣುಗಳು ತಟಕ್ಕನೆ ಬೇರೆ ಕಡೆ ಹೋಗುತ್ತಿದ್ದವು. ಈ ಸಲ ಹೋಗಲಿಲ್ಲ.

"ನನಗೆ ಚೆನ್ನಾಗಿ ಹೇಳೋಕೆ ಬರಲ್ಲ," ಎಂದ. "ಎದುರಿಗಿರೋರು ಉತ್ತರ ಕೊಡಬಹುದು ಅಂದ್ರೆ ನನಗೆ ಮಾತೇ ಹೊರಡಲ್ಲ."

"ಹಾಗಾದ್ರೆ ಹೇಳಿ. ನಾನು ಸುಮ್ನಿರ್ತೀನಿ."

ಅವಳು ತುಟಿ ಬಿಗಿಹಿಡಿದು ನಿಂತಳು. ಅವನು ಒಮ್ಮೆ ಉಸಿರೆಳೆದುಕೊಂಡ.

"ನೀವು ಇಲ್ಲದ ಮನೆ ನನಗೆ ಬೇಡ. ಅಷ್ಟೇ."

ಅವಳು ಬಿಗಿಹಿಡಿದಿದ್ದ ತುಟಿ ಬಿಟ್ಟಳು.

"ಹೂಂ," ಎಂದಳು.

"ಹೂಂ ಅಂದ್ರೆ…?"

"ಹೂಂ ಅಂದ್ರೆ ಹೂಂ!"

ಅವನು ಕೈ ಚಾಚಿದ. ಅವಳು ತನ್ನ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಕೈಗೆಲ್ಲಾ ಎಣ್ಣೆ ಮೆತ್ತಿದೆ…"

"ಇರ್ಲಿ ಬಿಡಿ."

"ನಿಮ್ಮ ಅಂಗಿ ಬಿಳೀದು…"

"ಇರ್ಲಿ ಬಿಡು ಅಂದ್ನಲ್ಲ."

ಪುಟ್ಟಿ ನಿಧಾನವಾಗಿ ತಲೆ ಎತ್ತಿದಳು.

"ಏನಂದ್ರಿ?"

ಅವನ ಕಿವಿ ಮತ್ತೆ ಕೆಂಪಾಯಿತು. "ಬಿಡು… ಅಂದೆ. ತಪ್ಪಾಯ್ತಾ?"

ಅವಳು ಎಣ್ಣೆಯ ಕೈಯನ್ನೇ ಅವನ ಅಂಗೈಯೊಳಗೆ ಇಟ್ಟಳು.

"ಇನ್ನೊಂದ್ಸಲ ಹೇಳು…"